ಐದನೇ ಡಬ್ಬಿ

ಮಂಗಳವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಶಿಶುವಿಹಾರದ ಮಕ್ಕಳ ಭೇದಿಗೆ ಕಾರಣ ಸಿಕ್ಕಿತು. ಇಂದು ಬೆಳಿಗ್ಗೆ ಅದನ್ನು ಜೀವಂತವಾಗಿ ಕಂಡೆ.

ತಿಂಗಳಿಂದ ಬಡವಾಗುತ್ತಿರುವ ನಿನ್ನ ಶಾಲೆಯ ಆ ಪುಟಾಣಿಯ ಡಬ್ಬಿ ಇನ್ನೂ ಬೆಚ್ಚಗಿರುವಾಗಲೇ ನಮ್ಮ ಲ್ಯಾಬಿಗೆ ಬಂತು. ಗಾಜಿನ ಮೇಲೆ ಒಂದು ಹನಿ ಉಪ್ಪುನೀರು, ಅದರಲ್ಲಿ ಕಡ್ಡಿಯ ತುದಿಯಷ್ಟು ಮಲ. ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ, ಮರದಿಂದ ಉದುರುವ ಎಲೆಯಂತೆ ಹೊರಳಿಕೊಂಡು ಒಂದು ಜೀವ ಹೋಗುತ್ತಿದೆ! ಬಣ್ಣ ಹಾಕಿದ ಮೇಲೆ ಎರಡು ಕಣ್ಣು ಬಿಟ್ಟುಕೊಂಡ ಮುಖದ ಹಾಗೆ ನನ್ನನ್ನೇ ನೋಡಿತು. ಹೆಸರು ಜಿಯಾರ್ಡಿಯಾ. ಬಾಯಿಲ್ಲ, ಹೊಟ್ಟೆಯಿಲ್ಲ, ಆದರೂ ಇಡೀ ಶಿಶುವಿಹಾರವನ್ನು ತಿಂಗಳುಗಟ್ಟಲೆ ಕಕ್ಕಸಿಗೆ ಓಡಿಸಿದೆ. ಹೇಲು ನೋಡೋದೂ ಒಂದು ಕೆಲಸಾನೇನೇ ಅಂತ ನೀನು ನಗುತ್ತೀಯ. ಇಪ್ಪತ್ತೆರಡು ವರ್ಷ ಇದನ್ನೇ ನೋಡಿದ್ದೇನೆ ಅಕ್ಕ, ಇವತ್ತೂ ಮೈ ಜುಮ್ಮೆಂದಿತು.

ಈಗ ನನ್ನ ತಪ್ಪು ಕೇಳು. ಹೋದ ತಿಂಗಳು ಪುಟಾಣಿಯದೇ ಒಂದು ಡಬ್ಬಿ ನೋಡಿ, ಏನೂ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದವಳು ನಾನು. ಇದು ಒಂದು ದಿನ ಕಂಡರೆ ಇನ್ನೊಂದು ದಿನ ಕಾಣದು. ಬೇರೆ ಬೇರೆ ದಿನದ ಮೂರು ಡಬ್ಬಿ ನೋಡಬೇಕು. ಹೊಸಬರಿಗೆ ಇದನ್ನು ಕಲಿಸುವವಳೇ ನಾನು. ಅವತ್ತು ಮನೆಗೆ ಹೋಗುವ ಆತುರದಲ್ಲಿದ್ದೆ. ನನ್ನ ಆ ಸಾಲನ್ನು ಹಿಡಿದುಕೊಂಡು ನೀನು, ಹುಳವಿಲ್ಲ ಅಂದಮೇಲೆ ಅಡುಗೆಯೇ ಕೆಟ್ಟದ್ದು ಎಂದು ತೀರ್ಮಾನಿಸಿ ಅಡುಗೆಯಮ್ಮನನ್ನು ಕಳಿಸಿಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ನಿನ್ನ ಶಿಶುವಿಹಾರದ ದೊಡ್ಡವರ ಐದು ಡಬ್ಬಿಗಳನ್ನೂ ಇವತ್ತಿಗೆ ಮೂರು ಮೂರು ದಿನ ನೋಡಿದಂತಾಯಿತು. ತಂಗಿ ಪಕ್ಷಪಾತ ಮಾಡಬಾರದೆಂದು ಹೆಸರಿಲ್ಲದೆ ಬರೀ ನಂಬರ್ ಅಂಟಿಸಿದ್ದೆಯಲ್ಲ, ಭಲೇ. ಆದರೆ ಮೂರನೆಯದು ಅಡುಗೆಯಮ್ಮನದೆಂದು ಗೊತ್ತಾಯಿತು. ಕೆಲಸ ಹೋದ ಮೇಲೂ ಮೂರು ದಿನ ತಾವೇ ನಡೆದು ಬಂದು ಕೊಟ್ಟರು. ನಂದೂ ನೋಡಿಬಿಡಿ ತಾಯಿ ಅಂದರು, ಅಷ್ಟೇ. ಅವರಲ್ಲಿ ಏನೂ ಇಲ್ಲ. ಐದನೆಯದರಲ್ಲಿ ಇದೆ, ಧಾರಾಳವಾಗಿ. ಆ ಮನುಷ್ಯರಿಗೆ ಒಂದು ದಿನವೂ ಹೊಟ್ಟೆ ಕೆಟ್ಟಿರಲಿಕ್ಕಿಲ್ಲ, ಕೆಲವರಲ್ಲಿ ಅದು ಹಾಗೆ ಸುಮ್ಮನೆ ಇದ್ದುಬಿಡುತ್ತದೆ. ಅವರು ಯಾರೆಂದು ನಾನು ಕೇಳುವುದಿಲ್ಲ.

ಹರಡಿದ್ದು ಮಾತ್ರ ನಿನ್ನ ಬೋಗುಣಿಯಿಂದ ಇರಬೇಕು. ಊಟಕ್ಕೆ ಮುಂಚೆ ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಬೋಗುಣಿಯ ನೀರಲ್ಲಿ ಕೈ ತೊಳೆಸುತ್ತೀಯ. ನಮ್ಮ ಶುಚಿತ್ವ ನೋಡು ಎಂದು ನನಗೇ ಹೆಮ್ಮೆಯಿಂದ ತೋರಿಸಿದ್ದೆ. ಈ ಜೀವಿ ಗಟ್ಟಿ ಚಿಪ್ಪು ಹೊದ್ದು ತಣ್ಣೀರಿನಲ್ಲಿ ವಾರಗಟ್ಟಲೆ ಮಲಗಿರಬಲ್ಲದು. ತೊಳೆಯುವ ನೀರೇ ಅದಕ್ಕೆ ದೋಣಿಯಾಯಿತಲ್ಲ, ಎಂಥ ಜಾಣತನ! ಬೋಗುಣಿ ಅಟ್ಟಕ್ಕೆ ಹಾಕು. ಹರಿಯುವ ನಲ್ಲಿ, ಸೋಪು. ಔಷಧಿಗೆ ಎಲ್ಲರನ್ನೂ ವೈದ್ಯರ ಬಳಿ ಕರೆದುಕೊಂಡು ಹೋಗು, ಪುಟಾಣಿ ಮೊದಲು.

ಅಡುಗೆಯಮ್ಮನ ಮನೆಗೆ ನಾನೂ ಬರುತ್ತೇನೆ. ಆ ಸಹಿ ನನ್ನದಲ್ಲವೇ.

ನಿನ್ನ,
ಹೇಲು ನೋಡುವ ತಂಗಿ

ತಾ.ಕ.: ಕೇಳುವುದಿಲ್ಲ ಎಂದದ್ದು, ಗೊತ್ತಿದೆಯೆಂದು. ಐದನೇ ಡಬ್ಬಿಯನ್ನು ಸೋಪು ಹಾಕಿ ಒರೆಸಿ, ಅಮ್ಮ ನಮ್ಮಿಬ್ಬರಿಗೇ ಕಲಿಸಿದ ಎರಡೆಳೆ ದಾರದ ಗಂಟು ಹಾಕಿ ಕಟ್ಟಲಾಗಿತ್ತು. ದಿನಾ ಬೋಗುಣಿಯಲ್ಲಿ ಮೊದಲು ಕೈ ಅದ್ದಿ ಮಕ್ಕಳಿಗೆ ತೋರಿಸಿಕೊಡುವವಳು ನೀನೇ ಅಲ್ಲವೇ ಅಕ್ಕ. ಅಳಬೇಡ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಅಡುಗೆಯಮ್ಮನಿಗೆ ಇದನ್ನು ನೀನೇ ಹೇಳು.