ಕೈಕ್ಲಚ್ಚಿನ ಜೀಪು

ಹೊನ್ನಾವರ
೧೮ ನವೆಂಬರ್ ೧೯೭೯

ಪ್ರೀತಿಯ ತಿಮ್ಮಕ್ಕನಿಗೆ,

ಅವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು. ನಿನಗೂ ಭಾವನಿಗೂ ದಾಸನ ನಮಸ್ಕಾರ. ನಿನ್ನ ಎರಡು ಪತ್ರ ಬಂದು ಬಹಳ ಕಾಲವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮೈ ಉರಿದು ಎದ್ದುಬಿಡುತ್ತಿದ್ದೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಬೋಟುಗಳೆಲ್ಲ ಮತ್ತೆ ನೀರಿಗಿಳಿದಿವೆ, ಬಂಗಡೆ ಚೆನ್ನಾಗಿ ಸಿಗುತ್ತಿದೆ. ನನ್ನ ಶೆಡ್ಡಿಗೂ ಇಂಜಿನ್ ಕೆಲಸ ಬಿಡುವಿಲ್ಲದಷ್ಟು ಬರುತ್ತಿದೆ.

ಮಾಸ್ತಿಯ ಜೀಪು ನಿಮ್ಮ ಬೊಂಬಾಯಿಗೆ ಬಂದಾಗ ಅದರಲ್ಲಿ ನಾನೇಕೆ ಇರಲಿಲ್ಲ ಎಂದು ಕೇಳಿದ್ದೀಯ. ನನಗೆ ಜ್ವರ ಬಂದಿತ್ತು ಎಂದು ಅವನು ಹೇಳಿದನಂತೆ. ಜ್ವರವೂ ಇಲ್ಲ, ಎಂತದೂ ಇಲ್ಲ. ನಡೆದದ್ದನ್ನು ಬರೆಯುತ್ತೇನೆ.

ನನ್ನ ಎಡಗಾಲು ಹೋದದ್ದು ಮಾಸ್ತಿಯ ಅಪ್ಪನ ಬೋಟಿನಲ್ಲಿ, ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಸಿಕ್ಕಿ. ಆಗ ಮಾಸ್ತಿ ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕೂತು ಅತ್ತಿದ್ದ. ಮುಂದೆ ಅವನು ಮಿಲಿಟರಿ ಹರಾಜಿನಲ್ಲಿ ಸ್ಟಾರ್ಟೂ ಆಗದ ಒಂದು ಹಳೆಯ ಜೀಪು ಹಿಡಿದು, ಎಳೆಸಿಕೊಂಡು ನೇರ ನನ್ನ ಶೆಡ್ಡಿಗೆ ತಂದ. "ಲಡಾಖಿಗೆ ಹೋಗ್ವ ದಾಸ. ನಿನ್ನ ಕಾಲು ನಮ್ಮ ಬೋಟಲ್ಲಿ ಹೋತು, ನಿಂಗೆ ಹಿಮಾಲಯ ನಾ ತೋರಿಸ್ತೆ" ಎಂದ. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದು ನಿನಗೆ ಹೇಳಲಾರೆ. ಅಲ್ಲಿಯತನಕ ಜನ ನನ್ನನ್ನು ಕಂಡು ಅಯ್ಯೋ ಎನ್ನುತ್ತಿದ್ದರೇ ಹೊರತು ಎಲ್ಲಿಗೂ ಬಾ ಎಂದವರಿರಲಿಲ್ಲ.

ಎರಡು ವರ್ಷ ಅದರ ಹಿಂದೆ ಬಿದ್ದೆ. ಲಾರಿಯ ಸ್ಪ್ರಿಂಗ್ ಪ್ಲೇಟು ಸೇರಿಸಿ ಗಾಡಿಯನ್ನು ಎತ್ತರ ಮಾಡಿದೆ. ಹೊಳೆ ದಾಟುವಾಗ ಇಂಜಿನ್ ನೀರು ಕುಡಿಯದಂತೆ ಗಾಳಿಯ ಪೈಪನ್ನು ಗಾಜಿನ ಮೇಲಿನ ತನಕ ಎಳೆದೆ. ಇನ್ನೊಂದು ಪೆಟ್ರೋಲ್ ಟ್ಯಾಂಕು ಬೆಸೆದೆ. ಕೆಸರಿನಲ್ಲಿ ಹೂತರೆ ಎಳೆದುಕೊಳ್ಳಲು ಮುಂದೆ ಒಂದು ವಿಂಚು ಬೇಕಿತ್ತು. ಮಾಸ್ತಿ ಬೋಟಿನಿಂದ ಬಿಚ್ಚಿ ತಂದದ್ದು ನನ್ನ ಕಾಲು ತಿಂದ ವಿಂಚನ್ನೇ. ಅದನ್ನೂ ಬಾಯಿಮುಚ್ಚಿಕೊಂಡು ಕೂರಿಸಿದೆ.

ಕ್ಲಚ್ಚು ಒತ್ತಲು ಎಡಗಾಲು ಬೇಕಲ್ಲ, ಅದಕ್ಕೆ ಕಾಲಿನ ಪೆಡಲನ್ನು ಹಾಗೇ ಬಿಟ್ಟು ಗೇರಿನ ಕೋಲಿಗೂ ಒಂದು ಹಿಡಿ ಮಾಡಿದೆ. ಮೋಟರ್‌ಸೈಕಲ್ಲಿನದರ ಹಾಗೆ ಕೈಯಿಂದ ಹಿಸುಕಿದರೆ ಸಾಕು. ಧಾರೇಶ್ವರದ ಮರಳಿನಲ್ಲಿ ಮೊದಲ ಸಲ ನಾನೇ ಓಡಿಸಿದಾಗ ಬಾಡ ಊರಿನ ಹೆಂಗಸರು ಮೀನಿನ ಬುಟ್ಟಿ ಇಳಿಸಿ ನಿಂತರು. "ಕಾಲಿಲ್ದವ ಗಾಡಿ ಓಡಿಸ್ತಾ ಕಾಣೇ!" ಎಂದು ಒಬ್ಬಳು ಕೂಗಿದಳು. ನಾನು ಅಲೆಯ ಅಂಚಿನಲ್ಲಿ ಜೀಪು ತಿರುಗಿಸಿ ಮತ್ತೊಂದು ಸುತ್ತು ಹೊಡೆದೆ.

ಮೇ ತಿಂಗಳಲ್ಲಿ ಕುಮಟೆಯಿಂದ ಹೊರಟೆವು. ಹಾರ ಹಾಕಿದರು, ಪೇಪರಿನವರು ಫೋಟೋ ತೆಗೆದರು. ಕಾರವಾರದ ತನಕ ಕಳಿಸಿಕೊಟ್ಟು ಬರುತ್ತೇನೆಂದು ಮಾಸ್ತಿಯ ದೊಡ್ಡಪ್ಪನ ಮಗ ಚೌಡನೂ ಹತ್ತಿದ್ದ. ಕಾಳಿ ಹೊಳೆಗೆ ಸೇತುವೆ ಇನ್ನೂ ಆಗಿಲ್ಲ, ಗಾಡಿಯನ್ನು ಬಾರ್ಜಿನಲ್ಲಿ ದಾಟಿಸಬೇಕು. ಮಾಸ್ತಿ ನನ್ನನ್ನು ದಡದಲ್ಲಿ ಇಳಿಸಿ, "ಹಲಗೆ ಜಾರ್ತದೆ, ನೀ ಇಲ್ಲೇ ನಿಂತ್ಕ. ಜೀಪು ಹತ್ತಿಸಿ ಬಂದು ಕೈ ಹಿಡ್ಕಂಡು ಹೋತೆ" ಎಂದ.

"ಆತು" ಎಂದೆ.

ಜೀಪು ಹತ್ತಿತು. ಚೌಡನೂ ಹತ್ತಿದ. ಬಾರ್ಜು ಹೊರಟೇಬಿಟ್ಟಿತು. ಮರೆತನೆಂದುಕೊಂಡು, "ಮಾಸ್ತೀ, ನಾ ಉಳದೆ!" ಎಂದು ಕೂಗಿದೆ. ಅವನು ತಿರುಗಲಿಲ್ಲ. ಚೌಡ ತಿರುಗಿದ. "ಮನೆಗೆ ಹೋಗಾ ಕುಂಟ! ಗುಡ್ಡ ಹತ್ತೂಕೆ ಕಾಲು ಬೇಕು!" ಬಾರ್ಜಿನಲ್ಲಿದ್ದ ಜನವೆಲ್ಲ ನಕ್ಕರು ಅಕ್ಕ. ನನ್ನ ಪಕ್ಕದಲ್ಲಿ ನಿಂತಿದ್ದವರೂ ನಕ್ಕರು.

ಆದರೂ ಮುಂದಿನ ಬಾರ್ಜಿನಲ್ಲಿ ದಾಟಿದೆ. ತಮಾಷೆ ಮಾಡಿದ್ದಾರೆ, ಆಚೆ ಕಾಯುತ್ತಿರುತ್ತಾರೆ ಎಂಬ ಆಸೆ. ಆಚೆ ದಡದಲ್ಲಿ ಜೀಪಿರಲಿಲ್ಲ. ರಸ್ತೆಯ ಬದಿಯಲ್ಲಿ ನನ್ನ ಕ್ಲಚ್ಚಿನ ಹಿಡಿ ಬಿದ್ದಿತ್ತು, ಕೇಬಲ್ಲಿನ ಸಮೇತ ಬಿಚ್ಚಿ ಎಸೆದಿದ್ದರು. ಬಟ್ಟೆಯ ಗಂಟು ಜೀಪಿನಲ್ಲೇ ಹೋಗಿತ್ತು. ಖಾಲಿ ಮೀನಿನ ಲಾರಿ ಹತ್ತಿ ಊರಿಗೆ ಬಂದೆ. ಆಮೇಲೆ ಪೇಟೆಯಲ್ಲಿ ಕಂಡವರೆಲ್ಲ, "ಎಂತ ದಾಸ, ಹಿಮಾಲಯ ಇಷ್ಟು ಬೇಗ ಮುಗೀತಾ?" ಎನ್ನತೊಡಗಿದರು.

ಮಳೆ ಮುಗಿಯುವ ಹೊತ್ತಿಗೆ ಅವರು ತಿರುಗಿ ಬಂದರು. ಕುಮಟೆಯಲ್ಲಿ ಮತ್ತೆ ಹಾರ, ಭಾಷಣ. ಜೀಪಿನ ಕೆಲಸವೆಲ್ಲ ತನ್ನದೇ ಎಂದು ಮಾಸ್ತಿ ಮೈಕಿನಲ್ಲಿ ಹೇಳಿದ. ನಾನು ಜನರ ಹಿಂದೆ ನಿಂತು ಕೇಳಿದೆ. ನಾಚಿಕೆಯೆಂಬುದು ಅವನಿಗಿಲ್ಲ. ಅದೇ ವಾರ ಜೀಪನ್ನು ನನ್ನ ಶೆಡ್ಡಿಗೇ ತಂದ. "ಗೇರ್‌ಬಾಕ್ಸ್ ಗರಗರ ಅಂತದೆ. ಇದರ ಹೊಟ್ಟೆ ಬೇರೆಯವ್ರಿಗೆ ತಿಳೂದಿಲ್ಲ ಮಾರಾಯ, ನೀನೇ ಕಾಣು."

"ಬಿಟ್ಟು ಹೋಗು" ಎಂದೆ.

ನಾನು ಹಾಕಿದ್ದನ್ನೆಲ್ಲ ತೆಗೆದೆ. ಟ್ಯಾಂಕು, ಪೈಪು, ಪ್ಲೇಟು, ವಿಂಚು, ಇಂಜಿನ್ನಿಗೆ ನಾನು ಹಾಕಿದ್ದ ಸಾಮಾನೂ. ಬಿಚ್ಚಿ ಬಾರದ್ದನ್ನು ಗ್ಯಾಸಿನಲ್ಲಿ ಕತ್ತರಿಸಿದೆ. ಹರಾಜಿನಿಂದ ಬಂದಾಗ ಹೇಗಿತ್ತೋ ಹಾಗೆ, ಸ್ಟಾರ್ಟೂ ಆಗದ ಹಾಗೆ ಮಾಡಿ ಇಟ್ಟೆ. ಮಾಸ್ತಿ ಬಂದವನು ತಲೆ ಹಿಡಿದು ನೆಲಕ್ಕೆ ಕೂತ. "ಎಂತ ಮಾಡಿಬಿಟ್ಯಾ!"

"ನಾ ಹಾಕಿದ್ದು ನಾ ತೆಗದೆ. ನಿಂದೆಲ್ಲ ಅಲ್ಲೇ ಅದೆ."

ಅವನು ಅತ್ತ. ಆಸ್ಪತ್ರೆಯಲ್ಲಿ ಅತ್ತಿದ್ದನಲ್ಲ, ಹಾಗೆಯೇ. ನನಗೆ ಪಾಪ ಅನಿಸಲಿಲ್ಲ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಮೀನುಪೇಟೆಯ ಮುಂದೆ, ಸಂತೆಯ ಜನರೆಲ್ಲ ನೋಡುತ್ತಿದ್ದ ಹಾಗೆ, ಅವನೂ ಚೌಡನೂ ಅದನ್ನು ತಳ್ಳಿಕೊಂಡು ಹೋದರು.

ಕಮಲಿಗೆ ಗಂಡು ಗೊತ್ತಾದದ್ದು ತಿಳಿದು ಸಂತೋಷ. ಹುಡುಗನಿಗೆ ಬಂದರಿನ ಡಾಕಿನಲ್ಲಿ ಒಳ್ಳೆಯ ಕೆಲಸವೆಂದು ಬರೆದಿದ್ದೀಯ. ಈ ಮಾವನ ಕೂಸು ಸುಖವಾಗಿರಲಿ. ಅವಳ ಮನೆಯಲ್ಲಿ ಅನ್ನಕ್ಕೂ ನಗೆಗೂ ಕೊರತೆ ಬಾರದಿರಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ತಮ್ಮ,
ದಾಸ

ತಾ.ಕ.: ಜೀಪು ತಳ್ಳುವ ಮೊದಲು ಮಾಸ್ತಿಯನ್ನು ಕೇಳಿದ್ದೆ, ಬರಬೇಡವೆಂದು ಮನೆಯಲ್ಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು. ಅವನು ಕಣ್ಣೊರೆಸಿಕೊಂಡು ಹೇಳಿದ: "ಸ್ಪೇರು ತರೂಕೆ ಬೊಂಬಾಯಿಗೆ ಹೋದಾಗ ನಿನ್ನ ಅಕ್ಕನೇ ಕೈ ಮುಗದ್ಲು. 'ನೀವು ಬರೂ ಹೊತ್ತಿಗೇ ಗಂಡಿನ ಮನೆಯವ್ರು ನಮ್ಮ ಚಾಳಿನ ಮನೆಗೆ ಬತ್ರು. ಕುಂಟ ಸೋದರಮಾವನ್ನ ಕಂಡ್ರೆ ಸಂಬಂಧ ತಪ್ಪಿಹೋತದೆ. ನನ್ನ ಬಂಗಾರಪುಟ್ಟನ್ನ ಹೆಂಗಾದ್ರೂ ಮಾಡಿ ಅಲ್ಲೇ ಬಿಟ್ಟು ಬಾ' ಅಂದ್ಲು." ನಾನು ಅವನ ಕೆನ್ನೆಗೆ ಹೊಡೆಯಲು ಕೈ ಎತ್ತಿದ್ದೆ. ಆದರೆ ನೀನು ನನ್ನನ್ನು ಬಂಗಾರಪುಟ್ಟ ಎಂದು ಕರೆಯುತ್ತಿದ್ದದ್ದು ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲ ಅಕ್ಕ.

ಧಾರೆಯ ಹೊತ್ತಿಗೆ ಕಮಲಿಯನ್ನು ಮಂಟಪಕ್ಕೆ ಕರೆತರಲು ಬೇರೆ ಯಾರನ್ನಾದರೂ ನಿಲ್ಲಿಸು. ಗಂಡಿನ ಕಡೆಯವರು ಕೇಳಿದರೆ, ನನ್ನ ತಮ್ಮ ಬೋಟಿನಲ್ಲಿ ಸತ್ತ ಎಂದು ಹೇಳು.