ಹಾಲಿನ ಬಾಟಲಿಯಲ್ಲಿ ಎಣ್ಣೆ

೧೪, ಗುರುವಾರ. ರಾತ್ರಿ ಎರಡೂವರೆ.

ಬೀದಿಯಲ್ಲಿ ದೊಡ್ಡ ಬೈಕೊಂದು ಗುಡುಗುಡು ಎಂದು ಹೋದ ಸದ್ದಿಗೆ ಎಚ್ಚರವಾಯಿತು. ಗಂಡನೇ ಬಂದ ಎಂದು ಬಾಗಿಲ ತನಕ ಹೋದೆ. ಅಂಥದೇ ನಮ್ಮ ಹಳೆಯ ಬೈಕನ್ನು ಮಾರಿ ವಾರವಾಯಿತು ಎನ್ನುವುದು ಚಿಲಕ ತೆಗೆದ ಮೇಲೆ ನೆನಪಾಯಿತು. ಈಗಿರುವುದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಒಂದು ಪೀಚಲು ಟೂ-ಸ್ಟ್ರೋಕ್ ಬೈಕು. ಬೀದಿಗೆಲ್ಲ ಕೇಳುವ ಕಿರುಚಾಟ, ಹಿಂದೆ ನೀಲಿ ಹೊಗೆ. ಒಣಹಾಕಿದ ಪಾಪುವಿನ ಬಟ್ಟೆಗೂ ಅದೇ ನಾತ.

"ಹಳೇದು ಎಮ್ಮೆ ಅತ್ತಿಗೆ, ಇದು ಕುದುರೆ," ಎಂದಿದ್ದ ಮೈದುನ.

"ಎಮ್ಮೆ ದಿನಾ ಮನೆಗೆ ಬರ್ತಿತ್ತಪ್ಪ," ಎಂದೆ. ಅಣ್ಣತಮ್ಮ ಇಬ್ಬರೂ ನಕ್ಕರು.

ಪಾಪು ಎದ್ದಳು. ಹಾಲು ಬಿಸಿಮಾಡಲು ಹೋದರೆ, ನಾನು ತೊಳೆದಿಟ್ಟಿದ್ದ ಅವಳ ಬಾಟಲಿಯಲ್ಲಿ ಹಸಿರು ಎಣ್ಣೆ. ಅಳತೆಯ ಗೆರೆಗಳಿವೆಯಲ್ಲ, ಅದಕ್ಕೆ. ತನ್ನ ಮಗಳು ಬಾಯಿಡುವ ಬಾಟಲಿಯಲ್ಲಿ ಬೈಕಿನ ಎಣ್ಣೆ ಅಳೆದಿದ್ದಾನೆ. ಛೀ, ಎಂಥ ಮನುಷ್ಯ. ಸುರಿದುಬಿಡೋಣ ಎಂದು ಎತ್ತಿದವಳು ಹಾಗೇ ನಿಂತೆ. ಎಣ್ಣೆ ಸರಿಯಾಗಿ ಗೆರೆಯ ಮಟ್ಟಕ್ಕಿದೆ. ಅಳೆದಿಟ್ಟು, ಪೆಟ್ರೋಲಿಗೆ ಬೆರೆಸುವುದನ್ನೇ ಮರೆತು ಹೋಗಿದ್ದಾನೆ.

"ಎಣ್ಣೆ ಇಲ್ದೆ ಓಡಿಸಿದ್ರೆ ಇಂಜಿನ್ ಸೀಜ್ ಆಗುತ್ತೆ, ಹಿಂದಿನ ಚಕ್ರ ಗಕ್ಕಂತ ನಿಂತುಬಿಡುತ್ತೆ," ಎಂದು ನನಗೆ ಪಾಠ ಹೇಳಿದವನೂ ಅವನೇ.

ಕುದುರೆಯನ್ನು ಗೆಳೆಯರಿಗೆ ತೋರಿಸಲು ಬೆಟ್ಟದ ರಸ್ತೆಗೆ ಹೋಗಿದ್ದಾನೆ. ಫೋನು ಸಿಗುತ್ತಿಲ್ಲ. ಬಾಟಲಿ ಮುಟ್ಟಿದ ಕೈ ಎಷ್ಟು ತೊಳೆದರೂ ನಾರುತ್ತಿದೆ.

ಪುಣ್ಯಾತ್ಮ, ಬೈಯುವುದಿಲ್ಲ, ಬಾಟಲಿಯ ಮಾತೂ ಎತ್ತುವುದಿಲ್ಲ. ಆ ದರಿದ್ರ ಗಾಡಿ ದಾರಿಯಲ್ಲೇ ಕೆಟ್ಟು ನಿಂತಿದ್ದರೆ ಸಾಕು. ಬೆಳಗಾಗುವುದರೊಳಗೆ ಒಂದು ಫೋನು ಮಾಡು, ಯಾರ ಫೋನಿಂದಾದರೂ ಸರಿ, ಬರೀ ಹಲೋ ಅಂದರೂ—