ನಾನು ಕೈ ಎತ್ತಲಿಲ್ಲ

೧೪ ಅಕ್ಟೋಬರ್ ೨೦೧೪, ಮಂಗಳವಾರ. ಅಲೆನ್ ಊರು.

ಕೋರ್ಟಿನಲ್ಲಿ ಆ ಆರೋಪಿ ಆಡಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಈ ದೇಶದ ಸಿಟಿಜನ್ ಆದ ಮೇಲೆ ಮೊದಲ ಸಲ, ಕೋರ್ಟಿನಲ್ಲಿ ಕೂತು ಕೇಸು ಕೇಳಿ ತೀರ್ಪು ಹೇಳುವ ಜ್ಯೂರಿ ಡ್ಯೂಟಿಗೆ ಕರೆ ಬಂದಿತ್ತು. ಬೆಳಿಗ್ಗೆ ಹೊರಡುವಾಗ ನನ್ನ ಗಂಡ ಚಿದಾನಂದ್ ಹೇಳಿಕೊಟ್ಟರು: "ಇಂಗ್ಲಿಷ್ ಬರೂದಿಲ್ಲ ಅಂದಬಿಡು, ಮನೀಗೆ ಕಳಸ್ತಾರ. ನಮ್ಮೋರು ಎಲ್ಲಾರೂ ಹಂಗ ಮಾಡೂದು." ಹದಿನೈದು ವರ್ಷ ಪಕ್ಕದೂರು ಪ್ಲೇನೋದ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಜಗಳವಾಡಿದವಳು ನಾನು. ಆದರೂ ಹೂಂ ಎಂದೆ.

ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ ಕೇಸು. ಆರೋಪಿ ವಕೀಲರನ್ನೂ ಇಟ್ಟುಕೊಂಡಿರಲಿಲ್ಲ. ತಾನೇ ಎದ್ದು ನಿಂತು, ನಾನು ಸಾರ್ವಭೌಮ, ಯಾವ ಸರ್ಕಾರದ ಕಾನೂನೂ ನನಗೆ ಅನ್ವಯಿಸುವುದಿಲ್ಲ ಎಂದ. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅವನು ಜೈಲಿಗೂ ಹೆದರದೆ ಬಾಯಿಬಿಟ್ಟು ಹೇಳಿದ್ದನ್ನೇ ನಾನು ಸುಳ್ಳು ಹೇಳಿ ಮಾಡಲು ಹೊರಟಿದ್ದೆ. ಪಾಸ್‌ಪೋರ್ಟ್ ಬೇಕು, ಪೊಲೀಸರು ಬೇಕು, ಕೋರ್ಟಿನ ಬೆಂಚು ಮಾತ್ರ ಬೇಡ!

ಇಂಗ್ಲಿಷ್ ಬಾರದವರು ಕೈ ಎತ್ತಿ ಎಂದರು ಜಡ್ಜ್. ನಾನು ಎತ್ತಲಿಲ್ಲ. ಜ್ಯೂರಿಗೆ ಆರಿಸಿದ ಆರು ಜನರಲ್ಲಿ ನಾನೂ ಒಬ್ಬಳು.

ಮನೆಗೆ ಬಂದರೆ ಚಿದಾನಂದ್ ಬಾಗಿಲಲ್ಲೇ ಕೇಳಿದರು: "ಬಿಟ್ರೇನ?"

"ಇಲ್ರಿ. ನಂಗ ಇಂಗ್ಲಿಷ್ ಬರ್ತದ. ನಾಳೆನೂ ಕೋರ್ಟಿಗೆ ಹೋಗೂದದ, ಅಡಿಗಿ ನೀವ ಮಾಡ್ರಿ."

"ನಂಗ ಅಡಿಗಿ ಬರೂದಿಲ್ಲ" ಎಂದರು.

ಆ ವಿನಾಯಿತಿಯನ್ನೂ ಇವತ್ತೇ ರದ್ದು ಮಾಡಿದೆ.